ಹೊಟ್ಟೆಗೆ ಕಟ್ಟಿಕೊಂಡ ತಟ್ಟೆ

ಕೆಲಿಮಾನೆ ಊರಿನ ನದಿಗೆ
ಒಳ್ಳೆ ಶಕುನಗಳ ನದಿ ಎಂದು ಹೆಸರು.
ಯಾರೋ ಹಡಗಿನವನು ಇಟ್ಟು ಹೋದದ್ದು,
ದಂಡೆಯವರನ್ನು ಕೇಳಿರಲಿಲ್ಲ.

ಚಂಡಮಾರುತ ದಾಟಿದ ಒಂಬತ್ತನೇ ದಿನ
ಅಬಕಾರ್ ಸೈಕಲ್ ಟ್ಯಾಕ್ಸಿಯನ್ನು
ಕೆಸರಿನಲ್ಲಿ ನೂಕಿಕೊಂಡು ಬಂದ.
ಹಿಂದಿನ ಸೀಟಿನಲ್ಲಿ ಪ್ರಯಾಣಿಕರಿಲ್ಲ,
ರಬ್ಬರ್ ಪಟ್ಟಿಯಲ್ಲಿ ಬಿಗಿದ ಡಬ್ಬಿ,
ಡಬ್ಬಿಯಲ್ಲಿ ಐದು ಶೀಷೆ,
ಶೀಷೆಯಲ್ಲಿ ಅಕ್ಕಚ್ಚಿನಂಥ ನೀರು.
"ಐದನೆಯದು ನನ್ನ ತಂಗಿಯ ಮಗನದು, ಅವನ ಹೆಸರು..."
"ಹೆಸರು ಬೇಡ, ಸಂಖ್ಯೆ ಸಾಕು"
ಅಂದಳು ಎರ್ಮೆಲಿಂಡಾ, ತಲೆಯೆತ್ತದೆ.

ನಾನು ಆಗ ಗಾಜು ತೊಳೆಯುವ ಹುಡುಗಿ.
ಇದ್ದಿಲ ಒಲೆಯ ಮೇಲೆ ಅವಳು ಅಡುಗೆಗಿಟ್ಟಿದ್ದಳು:
ಎತ್ತಿನ ಪಿತ್ತ, ಸಕ್ಕರೆ, ಉಪ್ಪು,
ಗಂಧಕದ ಕುಲದ ಇನ್ನೊಂದು ಉಪ್ಪು,
ಕಡಲಪಾಚಿಯ ಅಂಟು.
"ಕುದಿ ಬಂದರೆ ಸಾಕು, ಕುಕ್ಕರಿಗೆ ಹಾಕಬೇಡ,
ಹೆಚ್ಚು ಬೇಯಿಸಿದರೆ ಮುನಿಯುತ್ತದೆ."
ಆರಿದಾಗ ಹಳೇ ಬಾವಿಯ ಹಸಿರು.

ಇದರಲ್ಲಿ ಬಾಗಿಲೂ ಇದೆ, ಊಟವೂ ಇದೆ ಅಂದಳು.
ಪಿತ್ತದ ಕಹಿ ತಾಳಲಾರದವು
ಹೊಸ್ತಿಲಲ್ಲೇ ಸೊರಗುತ್ತವೆ,
ಕರುಳಿನಲ್ಲಿ ಕೋಟಿಗಟ್ಟಲೆ ಇರುವ
ಸಾಧು ಪ್ರಜೆಗಳೂ ಸೇರಿ.
ತಾಳಿದವು ಒಳಗೆ ಬಂದು ಪಂಕ್ತಿಯಲ್ಲಿ ಕೂರುತ್ತವೆ.
ಆಮೇಲೆ ಯಾರನ್ನೂ ವಿಚಾರಿಸಬೇಕಿಲ್ಲ.
ಸಕ್ಕರೆ ಉಂಡದ್ದು ಹುಳಿ ಬಿಡುತ್ತದೆ,
ಹುಳಿ ತಾಗಿದ ಹಸಿರು ಹಳದಿಯಾಗುತ್ತದೆ.
ಉಂಡವರು ಇಲ್ಲವೆನ್ನಬಹುದು,
ತಟ್ಟೆ ಅನ್ನುವುದಿಲ್ಲ.

ಕೆಂಪಗೆ ಕಾಯಿಸಿ ಆರಿಸಿದ ತಂತಿಯಲ್ಲಿ ಗೀರೆಳೆದಳು,
ಗೀರಿಗೆ ಅಡ್ಡ ಇನ್ನೊಂದು, ಅದಕ್ಕೆ ಮತ್ತೊಂದು,
ತೆಳುವಾಗುತ್ತ, ತೆಳುವಾಗುತ್ತ,
ಒಂದೊಂದೂ ಒಂಟಿಯಾಗುವ ತನಕ.
ಗುಂಪಿನಲ್ಲಿ ಯಾರ ಗುರುತೂ ಸಿಗುವುದಿಲ್ಲ.

ರಾತ್ರಿ ಒಂಬತ್ತಕ್ಕೆ ಜನರೇಟರ್ ಎರಡು ಸಲ ಕೆಮ್ಮಿ
ಸುಮ್ಮನಾಯಿತು.
ಕಾವುಪೆಟ್ಟಿಗೆಯ ಮುಳ್ಳು ಇಳಿಯುತ್ತಲೇ ಹೋಯಿತು.
ಅವಳು ತಟ್ಟೆಗಳ ಅಂಚಿಗೆ ಟೇಪು ಸುತ್ತಿದಳು,
ಪ್ಲಾಸ್ಟಿಕ್ ಚೀಲ, ಅದರ ಮೇಲೆ ಇನ್ನೊಂದು ಚೀಲ,
ಮಕ್ಕಳನ್ನು ಬೆನ್ನಿಗೆ ಕಟ್ಟುವ ಕಪುಲಾನಾ ಬಿಚ್ಚಿ
ಐದನ್ನೂ ಹೊಟ್ಟೆಗೆ ಬಿಗಿದುಕೊಂಡಳು.
"ಮೂವತ್ತೇಳು ಡಿಗ್ರಿ, ಡೀಸೆಲ್ ಬೇಡ.
ಇದು ಪುಸ್ತಕದಲ್ಲಿಲ್ಲ, ನೀನು ಕಲಿಯಬೇಡ."

ಹೆದರಿಕೆಯಾಗುವುದಿಲ್ಲವೇ ಎಂದೆ.
"ಅದಕ್ಕೆ ಬಾಯಿಯ ದಾರಿ ಬೇಕು, ತೊಗಲಿನದಲ್ಲ."
ಗೋಡೆಗೊರಗಿ ಕಣ್ಣು ಮುಚ್ಚಿದಳು.
ನಾನು ನಿದ್ದೆ ಮಾಡಲಿಲ್ಲ.
ಮೈ ಹೀಗೇ ಅಲ್ಲವೇ,
ಕೊಲ್ಲಲು ಬಂದದ್ದನ್ನೂ ಕುಲ ಕೇಳದೆ
ಬೆಚ್ಚಗಿಡುತ್ತದೆ.

ಬೆಳಗ್ಗೆ ಕಿಟಕಿಯ ಬೆಳಕಿಗೆ ಹಿಡಿದೆವು.
ಒಂದು ತಟ್ಟೆ ಖಾಲಿ.
ಎರಡರಲ್ಲಿ ಹಸಿರು ಚುಕ್ಕೆ, ಸಕ್ಕರೆ ಮುಟ್ಟದ ಕಡಲಿನ ದಾಯಾದಿಗಳು.
ಮೂರನೆಯದರಲ್ಲಿ, ಐದನೆಯದರಲ್ಲಿ
ಸಾಸಿವೆ ಹೂವಿನ ಹಳದಿ.
ನಾನು ಕೂಗಿಬಿಟ್ಟೆ.
"ಬೆಳ್ಳಗಿರುವುದೆಲ್ಲ ಹಾಲಲ್ಲ, ಹಳದಿಯೂ ಹಾಗೇ"
ಎಂದು ಒಂದೊಂದು ಚುಕ್ಕೆ ಎತ್ತಿ
ಕಹಿಯೂ ಸಕ್ಕರೆಯೂ ಇಲ್ಲದ ಬರಿಯ ತಟ್ಟೆಗೆ ದಾಟಿಸಿದಳು.
ಇನ್ನೊಂದು ರಾತ್ರಿ ಹೊಟ್ಟೆಗೆ.

ಮಾರನೆಯ ದಿನ ಗಾಜಿನ ಮೇಲಿನ ಹನಿಯಲ್ಲಿ ಕಲಸಿ
ತಂತಿ ಮೇಲೆತ್ತಿದಾಗ
ಒಂದೆಳೆ ಪಾಕದಂತೆ ಎದ್ದು ಬಂತು,
ಎಳೆದಷ್ಟೂ ಹರಿಯದ ನೂಲು.
ಅವಳು ಎರಡು ಸಂಖ್ಯೆ ಬರೆದಳು, ಕೆಳಗೆ ಗೆರೆ.
ಆ ಹೊತ್ತಿಗೆ ಮೊದಲಿನ ತಟ್ಟೆಯ ಹಳದಿ
ಮೆಲ್ಲಗೆ ಹಸಿರಿಗೆ ಮರಳುತ್ತಿತ್ತು,
ಏನೂ ಉಂಡೇ ಇಲ್ಲವೆನ್ನುವಂತೆ.

"ಹುಡುಗ ಎದ್ದು ಕೂತ" ಅಂದ ಅಬಕಾರ್.
ನಮ್ಮ ಉತ್ತರಕ್ಕೆ ಅವನು ಕಾದಿರಲಿಲ್ಲ,
ಅವನ ತಾಯಿ ಮೊದಲ ದಿನದಿಂದಲೇ
ಚಮಚ ಚಮಚ ಕುಡಿಸಿದ್ದಳು,
ಕುದಿಸಿದ ನೀರು, ಉಪ್ಪು, ಸಕ್ಕರೆ.
"ಹಾಗಾದರೆ ಇಷ್ಟೆಲ್ಲ ಯಾತಕ್ಕೆ?"
"ನಿಮ್ಮ ಕೇರಿಯ ಬಾವಿಗೆ ಬೀಗ ಹಾಕಿಸಲಿಕ್ಕೆ.
ಸಹಿ ಇಲ್ಲದೆ ಯಾರೂ ಬೀಗ ಕೊಡುವುದಿಲ್ಲ."
ಚೀಟಿ ಮಡಿಸಿ ಅಂಗಿಯ ಜೇಬಿಗಿಟ್ಟು
ಖಾಲಿ ಸೀಟಿನ ಸೈಕಲ್ ಹತ್ತಿದ.

ಎರ್ಮೆಲಿಂಡಾ ಹಿತ್ತಲಲ್ಲಿ ಮೈ ತೊಳೆಯುತ್ತಿದ್ದಳು.
ಟವೆಲ್ ಕೊಡಲು ಹೋದವಳು ನೋಡಿದೆ,
ಅವಳ ಹೊಟ್ಟೆಯ ಮೇಲೆ ಕೆಂಪು ಬಳೆಗಳು,
ಒಂದಕ್ಕೊಂದು ತಾಗಿಕೊಂಡು,
ಇನ್ನೂ ಮಾಸಿರಲಿಲ್ಲ.