ಆಟಕ್ಕುಂಟು

ಬಿಳಿ ಗವಸು ಯಾಕೆ ಮಗಳೇ, ಈ ಪುಸ್ತಕ ಮುಟ್ಟೋದಕ್ಕೆ?
ಇದರ ಮೇಲೆ ಕಡಲೆಕಾಯಿ ಸಿಪ್ಪೆ ಉದುರಿದೆ, ಸೋಡಾ ಚೆಲ್ಲಿದೆ,
ಬರ್ಮಿಂಗ್‌ಹ್ಯಾಮಿನ ಕುಲುಮೆಗಳ ಮಸಿ
ಹಾಳೆ ಹಾಳೆಯ ಅಂಚಿಗೂ ಕೂತಿದೆ.
ಗವಸು ತೆಗಿ. ಕೂತ್ಕೋ.

ಅಪ್ಪನದು ಶವಪೆಟ್ಟಿಗೆಯ ಅಂಗಡಿ, ಖಾತೆ ಪುಸ್ತಕ ಅವನದೇ.
ಎಡಪುಟದಲ್ಲಿ ಪೈನ್ ಮರದ್ದು ಇಷ್ಟು, ಓಕ್ ಮರದ್ದು ಇಷ್ಟು,
ಮಗುವಿನ ಅಳತೆಯದು ಬಾಕಿ.
ಬಲಪುಟ ನನ್ನದು:
ಯಾರು ಹೊಡೆದ, ಯಾರು ಹಿಡಿದ,
ಯಾರು ಮೂರನೇ ಬೇಸಿನಲ್ಲಿ ನಿಂತೇ ಉಳಿದ.
ನಲವತ್ತಾರನೇ ಇಸವಿ. ನನಗೆ ಹದಿನೇಳು.
ಗಂಡಸರನ್ನು ಸ್ಕೋರು ಬರೆಯಲು ಕೂರಿಸಿದರೆ
ಆಟ ನೋಡುತ್ತ ಬರೆಯುವುದನ್ನೇ ಮರೆಯುತ್ತಿದ್ದರು.
ಅದಕ್ಕೇ ನಾನು.

ಬಿಳಿಯರ ತಂಡ ಪರವೂರಿಗೆ ಹೋದ ವಾರ
ಮೈದಾನ ನಮಗೆ ಬಾಡಿಗೆಗೆ.
ಅದೇ ಹುಲ್ಲು, ಬೇಸಿನಿಂದ ಬೇಸಿಗೆ ಅದೇ ತೊಂಬತ್ತು ಅಡಿ,
ಸ್ನಾನದ ಮನೆಗೆ ಮಾತ್ರ ಬೀಗ.
ಅವರ ಆಟ ಪತ್ರಿಕೆಯಲ್ಲಿ, ನಮ್ಮದು ಬಾಯಲ್ಲಿ.
ನಮ್ಮ ಹುಡುಗರಿಗೆ ನಿದ್ದೆ ಬಸ್ಸಿನಲ್ಲೇ,
ಊಟ ಹೋಟೆಲಿನ ಹಿಂಬಾಗಿಲಲ್ಲಿ, ಪೊಟ್ಟಣ ಕಟ್ಟಿಸಿಕೊಂಡು,
ಬೆಳಗಾದರೆ ಇನ್ನೊಂದು ಊರು, ಒಂದೇ ದಿನ ಎರಡೆರಡು ಆಟ.
ಭಾನುವಾರ ಪಾದ್ರಿ ಪ್ರವಚನವನ್ನು ಬೇಗ ಮುಗಿಸುತ್ತಿದ್ದ,
ಚರ್ಚಿನ ಹ್ಯಾಟುಗಳೆಲ್ಲ ಹಾಗೇ ಗ್ಯಾಲರಿಗೆ.

ಮಕ್ಕಳ ಗುಂಪಿನಲ್ಲಿ ಚಿಕ್ಕದೊಂದು ಇರುತ್ತದಲ್ಲ,
ಪಾಪ ಓಡಲಿ ಬಿಡಿ,
ಔಟಾದರೂ ಔಟಲ್ಲ, ಓಡಿದರೂ ಓಟವಲ್ಲ,
ಆಟಕ್ಕುಂಟು ಲೆಕ್ಕಕ್ಕಿಲ್ಲ.
ಆರಡಿ ಎತ್ತರದ ಗಂಡಸರನ್ನು
ಈ ದೇಶ ಹಾಗೆ ಆಡಿಸಿತು.

ಈಗ ನೀನು ಬಂದು ಹೇಳುತ್ತೀ, ಲೆಕ್ಕಕ್ಕೆ ಬಂದಿದೆ ಅಜ್ಜಿ,
ದೊಡ್ಡ ಪುಸ್ತಕಕ್ಕೇ ಸೇರಿಸುತ್ತಾರೆ, ಪ್ರತಿ ಹೊಡೆತ, ಪ್ರತಿ ಹಿಡಿತ.
ಎಪ್ಪತ್ತೈದು ವರ್ಷ.
ಅಳು ಬಂತು. ನುಂಗಿದೆ.
ಪುಟ ತಿರುಗಿಸಬೇಡ ಎನ್ನುವಷ್ಟರಲ್ಲಿ
ನೀನು ತಿರುಗಿಸಿದೆ.

ಜುಲೈ. ಎರಡನೇ ಆಟ. ಆರನೇ ಇನ್ನಿಂಗ್ಸ್.
ಇ-೪. ಅಂದರೆ ಎರಡನೇ ಬೇಸಿನವನ ತಪ್ಪು.
ಹೋಸಿಯಾ ಬೈನಮ್.
ಪೆನ್ಸಿಲ್ಲು ಎಷ್ಟು ಒತ್ತಿದ್ದೇನೆ ನೋಡು,
ಹಾಳೆಯ ಹಿಂದೆ ಯಾರದೋ ಪೆಟ್ಟಿಗೆಯ ಬೆಲೆಯ ಮೇಲೂ ಉಬ್ಬಿದೆ.

ತಪ್ಪು ಅವನದಲ್ಲ.
ಚೆಂಡು ಕಲ್ಲಿಗೆ ತಾಗಿ ಎದ್ದು ಭುಜದ ಮೇಲಿಂದ ಹಾರಿತು,
ದೇವರೇ ಗವಸು ತೊಟ್ಟು ನಿಂತಿದ್ದರೂ ಸಿಗುತ್ತಿರಲಿಲ್ಲ.
ನನಗೆ ಗೊತ್ತಿತ್ತು.
ಆದರೆ ಹಿಂದಿನ ರಾತ್ರಿ ಅವನು ಡೆಲ್ಫೀನ್ ಜೊತೆ ಕುಣಿದಿದ್ದ,
ನಾನು ಹಳದಿ ಫ್ರಾಕಿಗೆ ಇಸ್ತ್ರಿ ಹಾಕಿಕೊಂಡು ಹೋಗಿ
ಗೋಡೆಗೊರಗಿ ನಿಂತಿದ್ದೆ.
ಅಷ್ಟೇ.
ಯಾರು ನೋಡುತ್ತಾರೆ ಅಂದುಕೊಂಡೆ.
ಲೆಕ್ಕಕ್ಕಿಲ್ಲದ ಆಟದಲ್ಲಿ
ಸುಳ್ಳೂ ಲೆಕ್ಕಕ್ಕಿಲ್ಲ ತಾನೆ?

ಅವನದು ಎಡಪುಟವೂ ಇದೆ, ಐವತ್ತೆರಡರ ಪುಸ್ತಕದಲ್ಲಿ.
ಓಕ್. ಅಪ್ಪ ಹಣ ತಗೊಳ್ಳಲಿಲ್ಲ.
ಮರುದಿನ ಬೆಳಗ್ಗೆ ಆಟದ ಮಾತೇ ಆಡಿದ,
ಎಂಥ ಕೈ ಹುಡುಗನದು, ಎಂಥ ಕೈ, ಅಂತ.

ಅಳಿಸಿಬಿಡೋಣ ಮಗಳೇ, ಡ್ರಾಯರಿನಲ್ಲಿ ರಬ್ಬರಿದೆ.
ನೀನು ತಲೆಯಲ್ಲಾಡಿಸಿದೆ:
ಬರೆದದ್ದು ಬರೆದ ಹಾಗೆ ಅಜ್ಜಿ,
ನೆನಪನ್ನು ಅವರು ಸಾಕ್ಷಿ ಅನ್ನುವುದಿಲ್ಲ.

ಸರಿ. ಫೋಟೋ ತೆಗೆ.
ಒಂದೊಂದೇ ಹಾಳೆ ನಾನು ಹಿಡಿದೆ, ನೀನು ತೆಗೆದೆ.
ಆ ಹಾಳೆಗೆ ಬಂದಾಗ
ನನ್ನ ಹೆಬ್ಬೆರಳು ಎಲ್ಲಿತ್ತೋ ಅಲ್ಲೇ ಇತ್ತು.
‘ಅಜ್ಜಿ, ಬೆರಳು ಸ್ವಲ್ಪ...’
ಕಿವಿ ಮಂದ ನನಗೆ, ತೊಂಬತ್ತೆರಡು ಈಗ.
‘ಅಜ್ಜಿ.’