ನಲವತ್ತರ ಆಚೆ

ಕೊರ್ಕೊಯ್ ಅಕ್ಕಾ, ಇವತ್ತು ಸ್ಪ್ಯಾನರು ತಂದಿಲ್ಲ.
ಗ್ಯಾಸಿನ ಸಿಲಿಂಡರೂ ಇಲ್ಲ. ಬರಿಗೈ ಎಬೊ.
ಗಾಬರಿ ಬೇಡ, ಕೂತು ಮಾತಾಡೋಣ.
ಒಂದು ಲೋಟ ಸೊಬೊಲೊ ಕೊಡು,
ತಣ್ಣಗಿದ್ದಷ್ಟು ಸಾಕು.

ಹನ್ನೊಂದು ವರ್ಷದ ಹಿಂದೆ ತೇಮಾ ಬಂದರಿನಲ್ಲಿ
ಹಡಗಿಂದಿಳಿದ ಈ ಬಿಳಿಯ ದೊರೆಸಾನಿಯನ್ನು
ಲಾರಿಗೆ ಹಗ್ಗ ಬಿಗಿದು, ಪಕ್ಕದಲ್ಲಿ ನಿಂತು,
ಚೋರ್ಕೋರಿನ ಈ ಗಲ್ಲಿಗೆ ತಂದವನೂ ನಾನೇ.
ಯಾವ ದೇಶದ ಯಾವ ಮನೆಯವರು ಬೇಡವೆಂದರೋ!
ಬಾಗಿಲ ಮೇಲೆ ಯಾರದೋ ಮಗು ಅಂಟಿಸಿದ ಕುದುರೆ,
ಒಳಗೆ ಯಾರದೋ ಬೆಣ್ಣೆಯ ವಾಸನೆ.
ಅಗ್ಗಕ್ಕೆ ಸಿಕ್ಕಿತೆಂದು ಗಲ್ಲಿಯೆಲ್ಲ ಹಿಗ್ಗಿತ್ತು.
ನಿಜ, ಅಗ್ಗವೇ.
ಅವರು ಮಾರಿದ್ದು ಪೆಟ್ಟಿಗೆ ಮಾತ್ರ,
ಅದರ ಹಸಿವನ್ನು ಬಿಟ್ಟಿಯಾಗಿ ಕಟ್ಟಿಕೊಟ್ಟರು.

ಒಮ್ಮೆ ಥರ್ಮೋಸ್ಟಾಟು, ಒಮ್ಮೆ ರಿಲೇ, ಮೂರು ಸಲ ಗ್ಯಾಸು.
ಬಾಗಿಲ ರಬ್ಬರು ಹೋದಾಗ
ಸೈಕಲ್ ಟ್ಯೂಬು ಸೀಳಿ ಅಂಟಿಸಿದ್ದು ನೆನಪಿದೆಯಲ್ಲ?
ನನ್ನ ಮಗನ ಶಾಲೆಯ ಫೀಸು
ಅರ್ಧ ಇದರ ಕೆಮ್ಮಿನಿಂದಲೇ ಬಂದದ್ದು.
ರೋಗಿಯ ಮನೆಯಲ್ಲೇ ಉಂಡ ವೈದ್ಯ ನಾನು;
ಅದಕ್ಕೇ ಇಷ್ಟು ದಿನ ಬಾಯಿ ಬಿಡಲಿಲ್ಲ.

ಮೊನ್ನೆ ರಾತ್ರಿ, ನೀನು ಮೀನು ಹೊಗೆಗಿಡಲು ಹೋದಾಗ,
ಒಂದು ಕಳ್ಳಕೆಲಸ ಮಾಡಿದೆ.
ದೀಪ ಆರಿಸಿ, ಫ್ಯಾನು ಆರಿಸಿ, ಟೀವಿಯ ಪ್ಲಗ್ಗು ಕಿತ್ತು
ಇದೊಂದನ್ನೇ ಓಡಲು ಬಿಟ್ಟು
ನಿನ್ನ ಮೊಮ್ಮಗಳನ್ನು ಮೀಟರಿನ ಮುಂದೆ ಕೂರಿಸಿದೆ.
'ಆದೊಲೇ, ಆ ಕೆಂಪು ಕಣ್ಣು ಮಿಟುಕಿದರೆ ಎಣಿಸು,
ಮತ್ತೆ ಮಿಟುಕಿದರೆ ನಿಲ್ಲಿಸು.'
ಒಂದು, ಎರಡು, ಮೂರು... ಹನ್ನೆರಡು. ಮಿಟುಕು.
ಮತ್ತೆ ಒಂದು, ಎರಡು... ಹನ್ನೆರಡು. ಮಿಟುಕು.
'ಮಾವಾ, ಇದಕ್ಕೆ ಕಣ್ಣುನೋವಾ?'
ನೋವು ಕಣ್ಣಿಗಲ್ಲ ಮಗೂ, ಅಜ್ಜಿಯ ಸೆರಗಿನ ಗಂಟಿಗೆ.

ದಿನಕ್ಕೆಷ್ಟು ಮಿಟುಕು, ತಿಂಗಳಿಗೆಷ್ಟು,
ನಿನ್ನ ಗೋಡೆಯ ಮೇಲೆ ಇದ್ದಿಲಲ್ಲಿ ಬರೆದಿದ್ದೇನೆ. ಬೈಯಬೇಡ, ನೋಡು.
ನೀನು ಮಾರುವ ಹತ್ತು ಪೊಟ್ಟಣ ತಣ್ಣೀರಿನಲ್ಲಿ
ನಾಲ್ಕನ್ನು ಈ ದೊರೆಸಾನಿಯೇ ಕುಡಿಯುತ್ತಾಳೆ.

ಡ್ಜೀಫಾಳ ಅಂಗಡಿಯಲ್ಲಿ ಹೊಸದೊಂದು ನಿಂತಿದೆ.
ಗಿಡ್ಡ. ನೋಡಲು ಅಂಥ ಚೆಂದವೇನಲ್ಲ.
ಬಾಗಿಲಲ್ಲಿ ಕುದುರೆಯಿಲ್ಲ, ನಕ್ಷತ್ರಗಳಿವೆ;
ನಕ್ಷತ್ರ ಹೆಚ್ಚಿದಷ್ಟೂ ಹಸಿವು ಕಡಿಮೆಯಂತೆ.
ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ, ಸುಳ್ಳು ಹೇಳಲಾರೆ.
ಆದರೆ ಈಸ್ಟರಿಗೆ ನಿನ್ನ ಸುಸು ಚೀಟಿಯ ದುಡ್ಡು ಬರುತ್ತದಲ್ಲ?
ಉಳಿದದ್ದು ವಾರ ವಾರ.
ಹಳತಕ್ಕೂ ಒಂದಿಷ್ಟು ವಜಾ ಮಾಡಲು ಒಪ್ಪಿದ್ದಾಳೆ.

ಏನಂದೆ? 'ಹಾಗಾದರೆ ನಿನ್ನ ಗತಿಯೇನು ಎಬೊ?'
ನೋಡಿದೆಯಾ,
ಕಳಕೊಂಡವಳೇ ಕಳ್ಳನ ಊಟ ವಿಚಾರಿಸುತ್ತಾಳೆ!
ನನ್ನ ಸ್ಪ್ಯಾನರಿಗೆ ಬೇರೆ ತಿರುಪು ಸಿಗುತ್ತದೆ ಬಿಡು.
ಸಿಗದಿದ್ದರೆ... ಅದನ್ನು ಆಮೇಲೆ ನೋಡೋಣ.
ಹಳತನ್ನು ನಾನೇ ಒಯ್ಯುತ್ತೇನೆ.
ಒಳಗಿನ ಗ್ಯಾಸನ್ನು ಆಕಾಶಕ್ಕೆ ಬಿಡದೆ ಹಿಡಿಯಬೇಕು,
ತಾಮ್ರ ಬೇರೆ, ತಗಡು ಬೇರೆ.
ಕುದುರೆ ಮಾತ್ರ ಆದೊಲೇಗೆ.
ಬಿಸಿನೀರಿನ ಬಟ್ಟೆಯಿಟ್ಟು ಕಾಲು ಹರಿಯದಂತೆ ಬಿಡಿಸಿಕೊಡುತ್ತೇನೆ.

*

ಈಸ್ಟರ್ ಕಳೆದು ಎರಡನೆಯ ಶನಿವಾರ.
ಅಕ್ಕನ ಕೋಣೆಯೊಳಕ್ಕೆ
ಹನ್ನೊಂದು ವರ್ಷದ ಮೇಲೆ ಸಮುದ್ರ ಕೇಳಿಸುತ್ತಿದೆ.
ದೀಪ ಆರಿಸಿ ಮತ್ತೆ ಕೂತೆವು.
ಕೆಂಪು ಕಣ್ಣು ಮಿಟುಕಿತು. ಆದೊಲೇ ಶುರು ಮಾಡಿದಳು.
ಹನ್ನೆರಡು ದಾಟಿತು. ಇಪ್ಪತ್ತೂ ದಾಟಿತು.
ಮೂವತ್ತೆಂಟು, ಮೂವತ್ತೊಂಬತ್ತು, ನಲವತ್ತು.
ಶಾಲೆಯಲ್ಲಿ ಕಲಿಸಿದ್ದು ಅಲ್ಲಿಗೆ ಮುಗಿದಿತ್ತು.
ನನ್ನತ್ತ ತಿರುಗಿದಳು: 'ಆಮೇಲೆ?'
'ಮತ್ತೆ ಒಂದರಿಂದ.'
ಒಂದು. ಎರಡು. ಏಳೋ ಎಂಟೋ,
ತಲೆ ನನ್ನ ತೋಳಿಗೆ ವಾಲಿತು.

ಆ ಕಣ್ಣು ಯಾವಾಗ ಮಿಟುಕಿತೋ ನಾನೂ ನೋಡಲಿಲ್ಲ.
ಅಕ್ಕ ಸೊಬೊಲೊ ತಂದಿದ್ದಳು;
ಲೋಟ ಬೆವತಿತ್ತು.