ತೊಂಬತ್ತಾದ ಮೇಲೆ

ಕುವೋಪಿಯೊದಲ್ಲಿ ಜುಲೈ ರಾತ್ರಿ ಒಂಬತ್ತಕ್ಕೂ
ಸೂರ್ಯ ಮನೆಗೆ ಹೋಗಲೊಲ್ಲದ ಹುಡುಗ;
ಸರೋವರದ ಮೇಲೆ ಬೆಳಕಿನ ಬಿಲ್ಲೆ ಎಸೆಯುತ್ತ ಕೂತಿದ್ದಾನೆ.
ಹುಲ್ಲಿನ ಮೇಲೆ ಕಂಬಳಿ, ಕಂಬಳಿಯ ಮೇಲೆ ಊರು.
ಮಡಚುವ ಕುರ್ಚಿ, ಫ್ಲಾಸ್ಕು, ಸೊಳ್ಳೆಯೆಣ್ಣೆಯ ಘಾಟು,
ಲೀಟರಿನ ಲೆಕ್ಕದಲ್ಲಿ ಕೊಂಡ ಹಸಿ ಬಟಾಣಿ, ಕಾಗದದ ಪೊಟ್ಟಣದಲ್ಲಿ.
ಎಲ್ಲರಿಗೂ ಗೊತ್ತಿರುವ ಸಂಗೀತವೇ ಇವತ್ತು:
ಬಿಸ್ಕತ್ತಿನ ಜಾಹೀರಾತಿನಲ್ಲಿ ಬರುತ್ತದಲ್ಲ, ಅದು;
ಹಲ್ಲಿನ ಡಾಕ್ಟರಿಗೆ ಫೋನು ಮಾಡಿ ಕಾಯುವಾಗ ಕಿವಿಗೆ ಹೊಯ್ಯುತ್ತಾರಲ್ಲ, ಅದೂ.
ಹೆಸರು ಯಾರಿಗೆ ಬೇಕು?
ಮೊದಲ ನಾಲ್ಕು ಸ್ವರಕ್ಕೇ ಅಜ್ಜಂದಿರ ಕಾಲ್ಬೆರಳು
ಕಾಲುಚೀಲದೊಳಗೆ ಎದ್ದು ಕೂರುತ್ತವೆ.

ಹಿಂದಿನ ಸಾಲಿನಲ್ಲಿ, ನಗಾರಿಯ ಪಕ್ಕ, ಸಿನಿಕ್ಕಾ.
ಹಗಲು ಔಷಧಿ ಅಂಗಡಿಯಲ್ಲಿ ಮಾತ್ರೆ ಎಣಿಸುವವಳು
ರಾತ್ರಿ ಇಲ್ಲಿ ಬಂದು ಮತ್ತೆ ಮಾತ್ರೆ ಎಣಿಸುತ್ತಾಳೆ.
ಮಡಿಲಲ್ಲಿ ಎರಡು ಕಂಚಿನ ತಟ್ಟೆ,
ಈಗಷ್ಟೇ ನಿದ್ದೆ ಹೋದ ಅವಳಿ ಕೂಸುಗಳು.
ನೂರಾ ಹನ್ನೆರಡು ಆವರ್ತ ಸುಮ್ಮನಿರಬೇಕು,
ಆಮೇಲೆ ಒಮ್ಮೆ, ಒಮ್ಮೆಯೇ, ಝಣ್.
ಅಷ್ಟಕ್ಕೆ ಕಪ್ಪು ಲಂಗಕ್ಕೆ ಇಸ್ತ್ರಿ ಹಾಕಿ
ಎರಡು ಬಸ್ಸು ಬದಲಿಸಿ ಬಂದದ್ದು.
ಕನ್ನಡದಲ್ಲಾದರೆ ಅವಳ ಕಸುಬು ಹೇಳುವುದು ಸುಲಭ:
ಕೈಯಲ್ಲಿ ತಾಳ, ಕೆಲಸ ತಾಳು.
ಅವಳ ನುಡಿಯಲ್ಲಿ ಈ ಮಾತುಗಳು ನೆಂಟರಲ್ಲ.
ಆದರೂ ತಾಳುತ್ತಾಳೆ.

ಎಂಬತ್ತೆಂಟು. ಎಂಬತ್ತೊಂಬತ್ತು.
ಗಾಳಿಗೆ ಹಾರದಿರಲೆಂದು ಎಲ್ಲರೂ ಸ್ವರದ ಹಾಳೆಗೆ
ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿದ್ದಾರೆ,
ಪಿಟೀಲಿನವರದು ಹಳದಿ, ಕೊಳಲಿನವಳದಕ್ಕೆ ಮೊಲದ ಕಿವಿ.
ಕೌಕೊ ಮಾತ್ರ, ಎರಡನೆಯ ಬಸೂನ್, ಮೂವತ್ತು ವರ್ಷದ ಅನುಭವ,
ಯಾಕೆ ಕ್ಲಿಪ್ಪು ಎಂದಿದ್ದ.
ತೊಂಬತ್ತು.
ಯಾಕೆಂದು ಗಾಳಿ ಹೇಳಿತು.

ಹಾಳೆ ಎದ್ದಿತು. ಕಹಳೆಯವರ ತಲೆ ಸವರಿ,
ನಿರ್ದೇಶಕಿಯ ಕೋಲಿನ ತುದಿಯಿಂದ ಕೂದಲೆಳೆಯಲ್ಲಿ ಪಾರಾಗಿ
ಕಂಬಳಿಗಳ ಮೇಲೆ ನೀರಿನತ್ತ.
ಓಟ್ಸೊ, ಆರು ವರ್ಷ, ಬಾಯ್ತುಂಬ ಬಟಾಣಿ,
ಇಷ್ಟು ಹೊತ್ತೂ ಮುಗೀತಾ ಮುಗೀತಾ ಎಂದು ಅಮ್ಮನ ತೋಳು ಜಗ್ಗಿದವ,
ಕೊನೆಗೂ ಈ ಸಂಗೀತದಲ್ಲಿ ತನಗೊಂದು ಕೆಲಸ ಸಿಕ್ಕಿತೆಂದು
ಎದ್ದ. ಓಡಿದ.
ಯಾರದೋ ಸ್ಟ್ರಾಬೆರಿ ಕೇಕು ದಾಟಿ
ಬೂಟಿನ ಸಮೇತ ಮೊಣಕಾಲುದ್ದ ನೀರಿಗಿಳಿದ.
ಕೌಕೊ ಕಣ್ಣು ಮುಚ್ಚಿ ಊದಿದ,
ನೆನಪಿದ್ದಷ್ಟು ನೆನಪಿನಿಂದ, ಉಳಿದದ್ದು ಧೈರ್ಯದಿಂದ.

ತೊಂಬತ್ತಾದ ಮೇಲೆ ಏನು?
ಸಿನಿಕ್ಕಾ ಕೂತಲ್ಲಿಂದಲೇ ಹುಡುಗನ ಹಿಂದೆ ಓಡಿಬಿಟ್ಟಿದ್ದಳು;
ಮರಳಿ ಬಂದಾಗ ಲೆಕ್ಕ ಅಲ್ಲಿರಲಿಲ್ಲ.
ಇಪ್ಪತ್ತಾರು ವರ್ಷ ಒಂದು ಮಾತ್ರೆ ಹೆಚ್ಚು ಕಡಿಮೆಯಾಗದ ಕೈ
ಬೆವೆತಿತು. ಪಿಟೀಲುಗಳು ಏರುತ್ತಿವೆ, ನಗಾರಿಯವ ಬಗ್ಗಿದ್ದಾನೆ,
ನಿರ್ದೇಶಕಿ ಇತ್ತ ತಿರುಗಿಯಾಳೆ?
ಅವಳ ಕಣ್ಣೂ ನೀರಿನ ಕಡೆಗೇ.
ಆಗ ಓಟ್ಸೊ ತೊಟ್ಟಿಕ್ಕುವ ಹಾಳೆಯನ್ನು
ಎರಡೂ ಕೈಯಲ್ಲಿ ತಲೆಯ ಮೇಲೆತ್ತಿದ.
ಸಿನಿಕ್ಕಾ ಎದ್ದು ಬಾರಿಸಿದಳು.

ಒಂದು ಆವರ್ತ ಬೇಗ. ಎರಡೂ ಇರಬಹುದು.
ಬಾತುಗಳು ನೀರು ಬಿಟ್ಟು ಎದ್ದವು.
ತಳ್ಳುಗಾಡಿಯ ಕೂಸೊಂದು ಕಣ್ತೆರೆದು,
ಅಳಲೋ ಬೇಡವೋ ಎಂದು ಯೋಚಿಸಿ, ಬಿಟ್ಟಿತು.
ನಿರ್ದೇಶಕಿ ಎತ್ತಿದ ಹುಬ್ಬನ್ನು ಎಲ್ಲಿಡುವುದೆಂದು ತೋಚದೆ ನಕ್ಕಳು,
ಕೋಲು ಬೀಸಿದಳು; ಉಳಿದ ನಲವತ್ತು ಮಂದಿ
ದಾರಿಯ ಹೊಂಡ ಹಾರುವವರಂತೆ ಎರಡು ಆವರ್ತ ಹಾರಿ
ಸಿನಿಕ್ಕಾಳ ಹತ್ತಿರ ಬಂದಿಳಿದರು.
ಚಪ್ಪಾಳೆ, ಮುಗಿಯುವ ಮುನ್ನವೇ.
ಹುಡುಗನಿಗೋ ಕಂಚಿಗೋ, ಕೇಳಬೇಡಿ.

ಆಮೇಲೆ, ವಾದ್ಯಗಳು ಪೆಟ್ಟಿಗೆ ಸೇರುವ ಹೊತ್ತಿಗೆ,
ಹಾಳೆ ಮೊಲದ ಕಿವಿಗೆ ಜೋತು ಒಣಗುತ್ತಿದೆ.
ಇದರಲ್ಲಿ ಏನಿದೆ? ಓಟ್ಸೊ ಕೇಳಿದ.
ಹೆಚ್ಚೇನಿಲ್ಲ ಮಾರಾಯ, ಎಂದ ಕೌಕೊ,
ಹನ್ನೊಂದು ಸ್ವರ. ಮಿಕ್ಕದ್ದೆಲ್ಲ ಬರೀ ವಿರಾಮ.
ಹುಡುಗ ಮುಖ ಸಣ್ಣದು ಮಾಡಿ
ಉಳಿದ ಬಟಾಣಿಯನ್ನು ಸಿನಿಕ್ಕಾಳ ಮಗುಚಿದ ತಾಳಕ್ಕೆ ಸುರಿದ,
ಟಣ್ ಟಣ ಟಣ್.
ರೂಢಿ ಬಿಡಲಿಲ್ಲ, ಅವಳು ಬೆರಳಿನಿಂದ ಸರಿಸಿದಳು:
ಆರು, ಏಳು, ಎಂಟು...
ನಡುವೆ ಅವನು ಒಂದನ್ನೆತ್ತಿ ಬಾಯಿಗೆ ಹಾಕಿಕೊಂಡ.
ಮತ್ತೆ ಮೊದಲಿಂದ.